ನಂಬರ್ ಒಂದೇ ಸಾಲದು, ಎರಕದ ದಿನಾಂಕವನ್ನೂ ನೋಡಬೇಕು

ಮಾನ್ಯ ಸಂಪಾದಕರೇ,

ಐವತ್ತು ವರ್ಷ ದಾಟಿದ ಕಾರುಗಳನ್ನು ಹೊರದೇಶದಿಂದ ತರಿಸಿಕೊಳ್ಳಲು ಕೇಂದ್ರ ಸರ್ಕಾರ 2025ರಲ್ಲಿ ಅವಕಾಶ ಕೊಟ್ಟ ಮೇಲೆ ಮುಂಬಯಿ, ಪುಣೆಯ ಹಳೆ ಕಾರುಪ್ರಿಯರ ನಡುವೆ ಅಮೆರಿಕದ ಮಸಲ್ ಕಾರುಗಳ ಮಾತು ಹೆಚ್ಚಾಗಿದೆ. ಅದಕ್ಕೆ ಮುಂಚೆ 1950ಕ್ಕಿಂತ ಹಿಂದೆ ತಯಾರಾದ ಕಾರುಗಳಿಗೆ ಮಾತ್ರ ಆ ಸೌಲಭ್ಯವಿದ್ದುದರಿಂದ, 1964ರ ಪಾಂಟಿಯಾಕ್ ಜಿಟಿಒ ಮೊದಲ್ಗೊಂಡು ಎಪ್ಪತ್ತರ ದಶಕದ ಆರಂಭದವರೆಗೆ ದೊಡ್ಡ ವಿ-8 ಎಂಜಿನ್ (ವಿ ಆಕಾರದಲ್ಲಿ ಎಂಟು ಸಿಲಿಂಡರುಗಳಿರುವುದು) ಹೊತ್ತು ಬಂದ ಈ ಕಾರುಗಳು ನಮ್ಮವರ ಕೈಗೆಟಕುತ್ತಿರಲಿಲ್ಲ. ಈಗ ಎಟಕುವಂತಾಗಿರುವುದು ಸಂತೋಷವೇ. ಆದರೆ ಇಂಥ ಕಾರಿನ ಬೆಲೆ ಬಹುಪಾಲು ಒಂದೇ ಪ್ರಶ್ನೆಯ ಮೇಲೆ ನಿಂತಿರುತ್ತದೆ: ಬಾನೆಟ್ಟಿನ ಕೆಳಗಿರುವುದು ಕಾರ್ಖಾನೆಯಲ್ಲೇ ಕೂರಿಸಿದ ಎಂಜಿನ್ನೋ, ಆಮೇಲೆ ಯಾರೋ ಕೂರಿಸಿದ್ದೋ? ಕುರ್ಲಾದಲ್ಲಿ ಮೂವತ್ತೈದು ವರ್ಷ ಎಂಜಿನ್ ಬೋರಿಂಗ್ ವರ್ಕ್‌ಶಾಪ್ ನಡೆಸಿ ಈಚೆಗೆ ನಿವೃತ್ತನಾದ ನಾನು, ಈ ಪ್ರಶ್ನೆಗೆ ಉತ್ತರ ಹುಡುಕುವ ರೀತಿಯ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಪುಣೆಯಲ್ಲಿ ನೌಕರಿಯಲ್ಲಿರುವ, ಕುಂದಾಪುರ ಕಡೆಯ ನಮ್ಮ ಸಂಬಂಧಿಕರ ಹುಡುಗನೊಬ್ಬ ಕೆಲವು ತಿಂಗಳ ಹಿಂದೆ ಮನೆಗೆ ಬಂದು, ಅಮೆರಿಕದಲ್ಲಿ ಮಾರಾಟಕ್ಕಿದ್ದ 1969ರ ಶೆವರ್ಲೆ ಕ್ಯಾಮರೊ ಜೆಡ್/28 ಕಾರಿನ ಫೋಟೊಗಳನ್ನು ಮೊಬೈಲಿನಲ್ಲಿ ತೋರಿಸಿದ. “ಮಾವ, ನಂಬರ್ ಎಲ್ಲ ತಾಳೆಯಾಗ್ತದೆ, ನೀವು ಒಮ್ಮೆ ನೋಡಿ ಹೇಳಿ” ಎಂದ. ಆ ಮಾದರಿ ವರ್ಷದಲ್ಲಿ ತಯಾರಾದ ಒಟ್ಟು 2,43,085 ಕ್ಯಾಮರೊಗಳಲ್ಲಿ ಜೆಡ್/28 ಇದ್ದದ್ದು 20,302 ಮಾತ್ರ. ಕಾರಿನ ಮೈಮೇಲಿನ ಗುರುತಿನ ಸಂಖ್ಯೆ ನೋಡಿದರೆ ಅದು ವಿ-8 ಎಂಜಿನ್ನಿನ ಎರಡು ಬಾಗಿಲಿನ ಕ್ಯಾಮರೊ ಎಂಬುದಷ್ಟೇ ತಿಳಿಯುತ್ತದೆ. ಜೆಡ್/28 ಹೌದೋ ಅಲ್ಲವೋ ಎಂಬುದು ಅದರಲ್ಲಿಲ್ಲ. ಹಾಗಾಗಿ ಸಾಕ್ಷಿ ಹೇಳಬೇಕಾದದ್ದು ಎಂಜಿನ್ನೇ, ಮೋಸ ಮಾಡುವವನು ಕೈಯಾಡಿಸುವುದೂ ಅಲ್ಲೇ.

ಶೆವರ್ಲೆಯ ವಿ-8 ಎಂಜಿನ್ನಿನಲ್ಲಿ ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ ಬ್ಲಾಕಿನ, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಒಡಲಿನ, ಮೇಲ್ಮೈ ಸ್ವಲ್ಪ ಚಾಚಿಕೊಂಡಿರುತ್ತದೆ. ಎಂಜಿನ್ ಜೋಡಿಸಿದ ದಿನ ಅಲ್ಲಿ ಸಂಖ್ಯೆ ಪಂಚ್ ಮಾಡುತ್ತಿದ್ದರು. ಹುಡುಗ ತೋರಿಸಿದ ಫೋಟೊದಲ್ಲಿ ವಿ0212ಡಿಜೆಡ್ ಎಂದಿತ್ತು. ಮೊದಲ ಅಕ್ಷರ ಫ್ಲಿಂಟ್ ಊರಿನ ಕಾರ್ಖಾನೆಯದು, 0212 ಎಂದರೆ ಫೆಬ್ರವರಿ 12, ಡಿಜೆಡ್ ಎಂಬುದು 1969ರ ಜೆಡ್/28ಕ್ಕೆಂದೇ ಕಟ್ಟಿದ 302 ಘನ ಇಂಚಿನ ಎಂಜಿನ್ನಿನ ಸಂಕೇತ. ಆ ಕಾಲದ ಟ್ರಾನ್ಸ್-ಆ್ಯಮ್ ರೇಸಿನಲ್ಲಿ ಎಂಜಿನ್ 305 ಘನ ಇಂಚು ಮೀರಬಾರದು ಎಂಬ ಮಿತಿಯಿದ್ದುದರಿಂದ ಈ ಅಳತೆ ಹುಟ್ಟಿಕೊಂಡಿತು. ಪಕ್ಕದಲ್ಲಿ 19ಎನ್ ಎಂದು ಶುರುವಾಗುವ ಸಂಖ್ಯೆ: 1 ಶೆವರ್ಲೆ, 9 ಇಸವಿ, ಎನ್ ಎಂದರೆ ಓಹಾಯೊದ ನಾರ್ವುಡ್ ಕಾರ್ಖಾನೆ, ಆಮೇಲಿನ ಆರು ಅಂಕಿ ಕಾರಿನ ಕ್ರಮಸಂಖ್ಯೆ. ಅದು ಕಾರಿನ ಪ್ಲೇಟಿನ ಮೇಲಿನ ಸಂಖ್ಯೆಯೊಂದಿಗೆ ಅಂಕಿಗಂಕಿ ಹೊಂದುತ್ತಿತ್ತು. ಬಾಡಿಯ ವಿವರ ಒತ್ತಿದ ತಗಡಿನ ಪಟ್ಟಿಯ ಮೇಲಿದ್ದ 02ಸಿ ಎಂಬ ಗುರುತು, ಕಾರಿನ ಬಾಡಿ ಫೆಬ್ರವರಿಯ ಮೂರನೆಯ ವಾರದ್ದೆಂದು ಹೇಳುತ್ತಿತ್ತು. ಎಲ್ಲವೂ ಒಪ್ಪವಾಗಿತ್ತು. ಕೊಳ್ಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ.

ನಾನು ಎಂಜಿನ್ನಿನ ಹಿಂಭಾಗದ ಫೋಟೊ ಕೇಳಿಸಿದೆ. ಬ್ಲಾಕನ್ನು ಬೀಡು ಕಬ್ಬಿಣದಲ್ಲಿ ಎರಕ ಹೊಯ್ಯುವಾಗಲೇ, ಗೇರ್‌ಬಾಕ್ಸ್ ಕೂರುವ ಹಿಂಬದಿಯ ಅಂಚಿನಲ್ಲಿ ಎರಕದ ಸಂಖ್ಯೆಯೂ ದಿನಾಂಕವೂ ಉಬ್ಬಕ್ಷರದಲ್ಲಿ ಮೂಡಿರುತ್ತವೆ. ಇದು ಪಂಚ್ ಮಾಡಿದ್ದಲ್ಲ, ಅಚ್ಚಿನಿಂದಲೇ ಬಂದದ್ದು. ಉಜ್ಜಿ ತೆಗೆಯಬಹುದೇ ಹೊರತು ಮತ್ತೊಂದನ್ನು ಮೂಡಿಸುವುದು ಸುಲಭವಲ್ಲ. ಮಾರುವವರು ಪಾಪ ಬೇಸರಿಸದೆ, ಕನ್ನಡಿ ಹಿಡಿದು ಟಾರ್ಚ್ ಬಿಟ್ಟು ಫೋಟೊ ತೆಗೆದು ಕಳಿಸಿದರು. ಎರಕದ ಸಂಖ್ಯೆ 3970010 ಎಂದಿತ್ತು, 1969ರ 302 ಎಂಜಿನ್ನಿಗೆ ಬಳಸಿದ ಸಂಖ್ಯೆಗಳಲ್ಲಿ ಅದೂ ಒಂದು. ದಿನಾಂಕ ಎಫ್ 11 9 ಎಂದಿತ್ತು. ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್, ಆ ಲೆಕ್ಕದಲ್ಲಿ ಎಫ್ ಎಂದರೆ ಜೂನ್. ಜೂನ್ 11ರಂದು ಎರಕ ಹೊಯ್ದ ಕಬ್ಬಿಣದಲ್ಲಿ ಅದೇ ವರ್ಷದ ಫೆಬ್ರವರಿ 12ರಂದು ಎಂಜಿನ್ ಕಟ್ಟಲು ಯಾವ ಕಾರ್ಖಾನೆಗೂ ಸಾಧ್ಯವಿಲ್ಲ. ಇನ್ನೊಂದು ತೊಡಕೂ ಇದೆ. ಇಸವಿಯ ಕೊನೆಯ ಅಂಕಿಯೊಂದನ್ನೇ ಹಾಕುತ್ತಿದ್ದರು, ಮತ್ತು ಇದೇ ಸಂಖ್ಯೆಯ ಬ್ಲಾಕುಗಳನ್ನು 302ಕ್ಕಷ್ಟೇ ಅಲ್ಲದೆ ತೀರಾ ಸಾಮಾನ್ಯವಾದ 350 ಘನ ಇಂಚಿನ ಎಂಜಿನ್ನಿಗೂ ಎಪ್ಪತ್ತರ ದಶಕದುದ್ದಕ್ಕೂ ಬಳಸಿದರು; ಆದ್ದರಿಂದ ಆ 9 ಎಂಬುದು 1969ರದ್ದೋ 1979ರದ್ದೋ ಎಂದು ಕೂಡ ಹೇಳುವಂತಿರಲಿಲ್ಲ. ಅದು ಯಾವುದೋ ಟ್ರಕ್ಕಿನಲ್ಲಿ ಓಡಿದ ಬ್ಲಾಕ್ ಇದ್ದರೂ ಇರಬಹುದು.

ಆಮೇಲೆ ಎಂಜಿನ್ನಿನ ಮುಂಭಾಗದ ಆ ಮೊದಲ ಫೋಟೊವನ್ನೇ ಮತ್ತೆ ದೊಡ್ಡದು ಮಾಡಿ ನೋಡಿದೆವು. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚಿಂಗ್ ಯಂತ್ರ ಒಂದೇ ಎಳೆತದಲ್ಲಿ ಸವರಿಕೊಂಡು ಹೋಗುವುದರಿಂದ ಅಲ್ಲಿ ಮುಂದಿನಿಂದ ಹಿಂದಕ್ಕೆ ನೂಲೆಳೆಯಂಥ ನೇರ ಗೆರೆಗಳು ಉಳಿಯುತ್ತವೆ, ಮತ್ತು ಪಂಚ್ ಮಾಡಿದ ಅಂಕಿ ಆ ಗೆರೆಗಳನ್ನು ಒಳಕ್ಕೆ ಒತ್ತಿರುತ್ತದೆ. ಈ ಫೋಟೊದಲ್ಲಿ ಕಂಡದ್ದು ಬಿಲ್ಲಿನಂತೆ ಬಾಗಿದ ಗೆರೆ, ಗ್ರೈಂಡರ್ ಕಲ್ಲು ತಿರುಗಿ ಹೋದ ಗುರುತು. ಮೂವತ್ತೈದು ವರ್ಷ ಅದೇ ಗೆರೆಗಳನ್ನು ನೋಡಿದ ಕಣ್ಣಿಗೆ ಅನುಮಾನ ಉಳಿಯಲಿಲ್ಲ. ಮಾರುವವರೇ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಕಾರು ಕೊಟ್ಟವರು ಅವರಿಗೂ ಹೀಗೇ ಹೇಳಿರಬಹುದು. ಹುಡುಗ ಅದನ್ನು ಬದಲಿ ಎಂಜಿನ್ನಿನ ಕಾರು ಎಂದೇ ಲೆಕ್ಕ ಹಾಕಿ ಬೆಲೆ ಮಾತಾಡುತ್ತಿದ್ದಾನೆ. ಅದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ.

ಉಳಿದ ಕಂಪನಿಗಳ ಕಾರುಗಳಲ್ಲಿ ಈ ಕೆಲಸ ಸ್ವಲ್ಪ ಹಗುರ. ಕ್ರೈಸ್ಲರ್ ಬಳಗದ ಡಾಡ್ಜ್, ಪ್ಲಿಮತ್ ಮತ್ತು ಫೋರ್ಡ್ ಕಾರುಗಳಲ್ಲಿ ಗುರುತಿನ ಸಂಖ್ಯೆಯ ಐದನೆಯ ಅಕ್ಷರವೇ ಮೂಲ ಎಂಜಿನ್ ಯಾವುದೆಂದು ಹೇಳುತ್ತದೆ. 1967ರಿಂದೀಚಿನ ಫೋರ್ಡ್ ಕಾರಿಗೆ ಕಂಪನಿಯ ದಾಖಲೆಯಿಂದ ತಯಾರಿಸುವ ಮಾರ್ಟಿ ವರದಿಯೂ, ಪಾಂಟಿಯಾಕಿಗೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಕೊಡುವ ಕಾರ್ಖಾನೆಯ ಬಿಲ್ಲಿನ ಪ್ರತಿಯೂ ಸಿಗುತ್ತವೆ. ಆದರೆ ಈ ಕಾಗದಗಳು ಕಾರು ಯಾವ ಬಗೆಯ ಎಂಜಿನ್ನಿನೊಂದಿಗೆ ಹೊರಬಿತ್ತು ಎಂಬುದನ್ನು ಹೇಳುತ್ತವೆಯೇ ವಿನಾ ಇವತ್ತು ಅದರೊಳಗಿರುವುದು ಅದೇ ಕಬ್ಬಿಣವೋ ಎಂಬುದನ್ನಲ್ಲ. ಅದಕ್ಕೆ ಮತ್ತೆ ಟಾರ್ಚ್ ಹಿಡಿದು ಬಗ್ಗಿ ನೋಡಲೇಬೇಕು.

ಈ ವಿಷಯದಲ್ಲಿ ನನ್ನದೊಂದು ತಪ್ಪನ್ನೂ ಇಲ್ಲಿ ಹೇಳಬೇಕಾಗಿದೆ. 1996ರ ಮಳೆಗಾಲದಲ್ಲಿ ದಾದರ್ ಕಡೆಯ ಹಿರಿಯರೊಬ್ಬರ ಶೆವರ್ಲೆ ಇಂಪಾಲಾದ ಬ್ಲಾಕ್ ನಮ್ಮಲ್ಲಿಗೆ ಬಂದಿತ್ತು. ಹೆಡ್ ಗ್ಯಾಸ್ಕೆಟ್ ಪದೇ ಪದೇ ಹೋಗುತ್ತಿತ್ತು, ಮಿಸ್ತ್ರಿ ಫೇಸಿಂಗ್, ಅಂದರೆ ಮೇಲ್ಮೈ ಸವರಿ ಸಮ ಮಾಡುವ ಕೆಲಸ, ಮಾಡಿಸಿಕೊಂಡು ಬರಲು ಕಳಿಸಿದ್ದ. ನಾನೇ ಬ್ಲಾಕನ್ನು ಯಂತ್ರದ ಮೇಲೆ ಕೂರಿಸಿ, ಇಂಚಿನ ಸಾವಿರದ ಒಂದು ಪಾಲಿಗೆ ನಾವು ಥೌ ಎನ್ನುತ್ತೇವೆ, ಅಂಥ ಎಂಟು ಥೌ ಸವರಿದೆ. ಕಟರ್ ಮುಂದಿನ ಚಾಚಿನ ಮೇಲೂ ಹಾದುಹೋಯಿತು. ಮೇಲ್ಮೈ ಕನ್ನಡಿಯಂತೆ ಬಂತು, ನಂಬರ್ ಹೋಯಿತು. ಕಟರನ್ನು ಆ ಚಾಚಿನ ಮುಂಚೆಯೇ ನಿಲ್ಲಿಸಬಹುದಿತ್ತು. ಹೆಡ್ ಕೂರುವ ಜಾಗಕ್ಕೂ ಆ ಚಾಚಿಗೂ ಸಂಬಂಧವೇ ಇಲ್ಲ. ಕೆಲವು ತಿಂಗಳಾದ ಮೇಲೆ ಮಾಲೀಕರು ಆರ್‌ಸಿ ನವೀಕರಣಕ್ಕೆ ಹೋದಾಗ, ಪುಸ್ತಕದಲ್ಲಿರುವ ಎಂಜಿನ್ ನಂಬರ್ ಬ್ಲಾಕಿನ ಮೇಲೆ ಕಾಣುತ್ತಿಲ್ಲ ಎಂದು ಕಚೇರಿಯವರು ಅವರನ್ನು ಐದಾರು ಸಲ ಅಲೆದಾಡಿಸಿದರು. ಕೊನೆಗೆ ಅನುಮತಿ ಪಡೆದು ಅದೇ ಸಂಖ್ಯೆಯನ್ನು ಹೊಸದಾಗಿ ಪಂಚ್ ಮಾಡಿಸಿದರು. ಅವರು ನನಗೆ ಒಂದು ಮಾತೂ ಆಡಲಿಲ್ಲ. ಆ ಕಾರಿನ ಎಂಜಿನ್ ನಿಜವಾಗಿಯೂ ಅದರದೇ. ಆದರೆ ಇವತ್ತು ಬಲ್ಲವರು ಯಾರಾದರೂ ಬಾನೆಟ್ ಎತ್ತಿದರೆ, ಕ್ಯಾಮರೊ ನೋಡಿ ನಾನು ಹೇಳಿದ್ದನ್ನೇ ಹೇಳುತ್ತಾರೆ: ಉಜ್ಜಿ ಪಂಚ್ ಮಾಡಿದ್ದಾರೆ, ಇದು ನಕಲಿ.

ಆದ್ದರಿಂದಲೇ ಎರಡು ಕೋರಿಕೆಗಳು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ 81ಎ ಇಂದ 81ಜಿವರೆಗಿನ ನಿಯಮಗಳನ್ನು ಸೇರಿಸಿ, ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ವ್ಯವಸ್ಥೆ ಮಾಡಲಾಗಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ ಹತ್ತು ವರ್ಷ. ನಮ್ಮಲ್ಲಿ ಎಂಎಚ್ ಆದ ಮೇಲೆ ವಿಎ ಎಂಬ ಅಕ್ಷರಗಳಿರುವ ನಂಬರ್ ಪ್ಲೇಟ್. ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂದು ಆ ನಿಯಮವೇ ಹೇಳುತ್ತದೆ. ಹೀಗಿರುವಾಗ ಮಹಾರಾಷ್ಟ್ರ ಮತ್ತು ಗೋವಾದಲ್ಲಿ ಈ ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿಗಳು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದರ ಜೊತೆಗೆ, ಎಂಜಿನ್ನಿನ ಪಂಚ್ ಮಾಡಿದ ಸಂಖ್ಯೆ, ಎರಕದ ಸಂಖ್ಯೆ, ಎರಕದ ದಿನಾಂಕ ಈ ಮೂರರ ಫೋಟೊಗಳನ್ನೂ ಕಡತದಲ್ಲಿ ಸೇರಿಸುವಂತಾಗಲಿ. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಜಿಡ್ಡು ಒರೆಸಿದರೆ ಸಾಕು, ಸಂಖ್ಯೆ ಕಾಣುತ್ತದೆ. ಎಮರಿ ಕಾಗದವನ್ನಾಗಲಿ ತಂತಿ ಬ್ರಷ್ಷನ್ನಾಗಲಿ ದಯವಿಟ್ಟು ಮುಟ್ಟಿಸಬಾರದು. ಸಾಕ್ಷಿ ಇರುವುದೇ ಆ ನೂಲೆಳೆಯ ಗೆರೆಗಳಲ್ಲಿ.

ಎಂಜಿನ್ ಬದಲಾದ ಕಾರುಗಳನ್ನೆಲ್ಲ ಹೊರಗಿಡಬೇಕೆಂಬುದು ನನ್ನ ಮಾತಿನ ಅರ್ಥವಲ್ಲ. ಜನರಲ್ ಮೋಟರ್ಸ್ 1928ರಿಂದ ಶಿವಡಿಯಲ್ಲಿ ಶೆವರ್ಲೆ ಜೋಡಿಸಿದ, ಪ್ರೀಮಿಯರ್ ಕಂಪನಿ ಇದೇ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೊಟೊ ಜೋಡಿಸಿದ ಊರು ನಮ್ಮದು. 1973ರ ಆಮೇಲೆ ಪೆಟ್ರೋಲ್ ಬೆಲೆ ಏರಿದಾಗ ಎಷ್ಟೋ ಅಮೆರಿಕನ್ ಕಾರುಗಳ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು; ಆಗ ಅದು ಕಾರನ್ನು ಉಳಿಸಿಕೊಳ್ಳುವ ದಾರಿಯಾಗಿತ್ತು, ಹಳೆಯ ಆರ್‌ಸಿ ಪುಸ್ತಕಗಳಲ್ಲಿ ಆ ಬದಲಾವಣೆಯ ಷರಾ ಇಂದಿಗೂ ಓದಲು ಸಿಗುತ್ತದೆ. ಬದಲಿಯಾದದ್ದನ್ನು ಬದಲಿ ಎಂದೇ ದಾಖಲೆಯಲ್ಲಿ ಬರೆದರೆ ಯಾರಿಗೂ ನಷ್ಟವಿಲ್ಲ. ಇಲ್ಲದ ಹುಟ್ಟನ್ನು ಪಂಚ್ ಹೊಡೆದು ಸೃಷ್ಟಿಸುವುದಷ್ಟೇ ತಪ್ಪು.

ಎರಡನೆಯ ಕೋರಿಕೆ ನನ್ನದೇ ಕಸುಬಿನವರಿಗೆ. ಕುರ್ಲಾ, ಅಂಧೇರಿ, ಪಿಂಪ್ರಿ, ಮಡಗಾಂವ್ ಎಲ್ಲೇ ಇರಲಿ, ಹಳೆಯ ಬ್ಲಾಕ್ ಫೇಸಿಂಗಿಗೆ ಬಂದರೆ ಕಟರ್ ಇಳಿಸುವ ಮುನ್ನ ನಂಬರ್ ಎಲ್ಲಿದೆ ಎಂದು ಹುಡುಕಿ, ಫೋಟೊ ತೆಗೆದು ಮಾಲೀಕರಿಗೆ ಕಳಿಸಿ, ಆ ಚಾಚಿನ ಮುಂಚೆಯೇ ಯಂತ್ರ ನಿಲ್ಲಿಸಿ. ಐದು ನಿಮಿಷದ ಕೆಲಸ. ಕೆಲಸಕ್ಕಿರುವ ಹುಡುಗರಿಗೂ ಇದನ್ನು ಕಲಿಸಿಕೊಡಿ. ನನಗೆ ಯಾರೂ ಕಲಿಸಿರಲಿಲ್ಲ.

ಆ ಇಂಪಾಲಾದ ಮಾಲೀಕರು ತೀರಿಕೊಂಡು ಬಹಳ ವರ್ಷಗಳಾದವು. ಕಾರು ಎರಡು ಕೈ ಬದಲಾಗಿ ಈಗ ಗೋವಾ ಕಡೆ ಇದೆಯೆಂದು ಕೇಳಿದ್ದೇನೆ. ನಮ್ಮ ವರ್ಕ್‌ಶಾಪಿನಲ್ಲಿ ಬಂದ ಪ್ರತಿ ಬ್ಲಾಕಿನ ಎಂಜಿನ್ ನಂಬರನ್ನೂ ಜಾಬ್ ಪುಸ್ತಕದಲ್ಲಿ ಬರೆದುಕೊಂಡೇ ಕೆಲಸ ಶುರುಮಾಡುತ್ತಿದ್ದೆವು. 1996ರ ಪುಸ್ತಕ ನನ್ನ ಬಳಿ ಇದೆ, ಕಟರ್ ಹಾಯುವ ಮೊದಲು ಬ್ಲಾಕಿನ ಮೇಲಿದ್ದ ಸಂಖ್ಯೆ ಆ ಪುಟದಲ್ಲಿ ನನ್ನ ಕೈಬರಹದಲ್ಲೇ ಇದೆ. ಈಗಿನ ಮಾಲೀಕರ ಕಣ್ಣಿಗೆ ಈ ಪತ್ರ ಬಿದ್ದರೆ, ತಮ್ಮ ಪತ್ರಿಕೆಯ ಕಚೇರಿಯ ಮೂಲಕ ನನಗೆ ತಿಳಿಸಲಿ. ಆ ಪುಟದ ಪ್ರತಿಗೆ ಸಹಿ ಮಾಡಿ ಕೊಡುತ್ತೇನೆ, ಬೇಕಿದ್ದರೆ ಗೋವಾಕ್ಕೇ ಬಂದು ಎರಕದ ದಿನಾಂಕವನ್ನೂ ಓದಿ ಬರೆದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬೋರಿಂಗ್ ವರ್ಕ್‌ಶಾಪ್ ಮಾಲೀಕ
ಕುರ್ಲಾ, ಮುಂಬಯಿ