ಅಮ್ಮ ಹೇಳಿದ ಮೂರು ಮಾತು

ಪ್ರೀತಿಯ ತಂಗಿಗೆ,

ನಿನ್ನ ಇಂಗ್ಲಿಷ್ ಕಥೆ, ಅದರ ಮೇಲೆ ಯಾರೋ ಚೆಲ್ಲಾಡಿದ ಕೆಂಪು ಶಾಯಿ, ಜೊತೆಗೆ ‘ಇನ್ನು ಬರೆಯುವುದಿಲ್ಲ’ ಎಂಬ ನಿನ್ನ ಚೀಟಿ, ಮೂರೂ ತಲುಪಿದವು. ಚೀಟಿಯನ್ನು ಹರಿದು ಹಾಕಿದ್ದೇನೆ.

‘ಫರ್ನಿಚರ್ಸ್’, ‘ಲಗೇಜಸ್’, ‘ಇನ್ಫರ್ಮೇಶನ್ಸ್’ ತಪ್ಪು, ಹೌದು. ಕಲಿಯುವವರಿಗೆಂದೇ ಮಾಡಿದ ನಿಘಂಟು ತೆರೆ. ಎಣಿಸುವ ನಾಮಪದಕ್ಕೆ ‘ಸಿ’, ಎಣಿಸದ್ದಕ್ಕೆ ‘ಯು’ ಎಂದು ಗುರುತು ಹಾಕಿರುತ್ತಾರೆ; ‘ಯು’ ಇದ್ದರೆ ಬಹುವಚನದ ‘ಎಸ್’ ಬಾಲ ಇಲ್ಲ. ಅರ್ಧ ದಿನದ ಕೆಲಸ. ಅದಕ್ಕೆ ಅಳುತ್ತಾರೆಯೇ? ಎಷ್ಟು ನೀರು, ಎಷ್ಟು ಮರ ಎಂದು ಒಂದೇ ಪದದಲ್ಲಿ ಕೇಳಿ ಬೆಳೆದವರು ನಾವು. ಇಂಗ್ಲಿಷಿನವರಿಗೆ ನೀರಿಗೊಂದು ‘ಮಚ್’, ಮರಕ್ಕೊಂದು ‘ಮೆನಿ’ ಬೇಕು. ಹಟ ನಮಗೂ ಇದೆ: ಮರವಾದರೆ ಎರಡು, ಮನುಷ್ಯರಾದರೆ ಇಬ್ಬರು. ಅವರೇನು ಎಡವದವರಲ್ಲ. ಹಿಂದೆ ಅವರ ಬಟಾಣಿ ನಮ್ಮ ಅಕ್ಕಿಯ ಹಾಗೆ ರಾಶಿಯ ಹೆಸರು, ‘ಪೀಸ್’. ಕೊನೆಯ ‘ಸ್’ ಬಹುವಚನವೆಂದು ಭ್ರಮಿಸಿ, ಅದನ್ನು ಕಿತ್ತು, 17ನೆಯ ಶತಮಾನದಲ್ಲಿ ‘ಪೀ’ ಎಂಬ ಒಂಟಿ ಕಾಳನ್ನು ಹುಟ್ಟಿಸಿಕೊಂಡರು. ಆ ತಪ್ಪು ಇಂದು ನಿಘಂಟಿನಲ್ಲಿ ಕುಳಿತಿದೆ.

ನನ್ನ ಸಂಕಟ ಬೇರೆ. ಮೊದಲ ಇಂಗ್ಲಿಷ್ ಕಥೆಯಲ್ಲಿ ಅಮ್ಮ ‘ತ್ರೀ ಅಡ್ವೈಸಸ್’ ಕೊಟ್ಟಳು ಎಂದು ಬರೆದಿದ್ದೆ. ಸಂಪಾದಕರು ‘ತ್ರೀ’ಯನ್ನೂ ಬಾಲವನ್ನೂ ಹೊಡೆದು ಹಾಕಿದರು. ವಾಕ್ಯ ಚೊಕ್ಕವಾಯಿತು. ಹೆಸರು ಅಚ್ಚಾಗುವ ಆಸೆಗೆ ನಾನು ತಲೆಯಾಡಿಸಿದೆ. ಅಮ್ಮ ಹೇಳಿದ್ದು ಮೂರೇ: ನೆರೆಮನೆಯ ಸಾಲ ಉಳಿಸಿಕೊಳ್ಳಬೇಡ, ಉಂಡ ಮನೆಯನ್ನು ದೂರಬೇಡ, ಕತ್ತಲಾದ ಮೇಲೆ ಬಾವಿಗೆ ಬಗ್ಗಬೇಡ. ಅವಳ ತಂಗಿ ಬಾವಿಗೆ ಬಿದ್ದು ಸತ್ತಿದ್ದಳು. ಕಥೆ ನಿಂತಿದ್ದೇ ಆ ಮೂರನೆಯದರ ಮೇಲೆ. ‘ಮೂರು ತುಂಡು ಬುದ್ಧಿವಾದ’ ಎನ್ನುವ ಪ್ರಯೋಗ ಇಂಗ್ಲಿಷಿನಲ್ಲಿದೆ, ಬಲ್ಲೆ; ಆದರೆ ಅಮ್ಮ ಬುದ್ಧಿವಾದವನ್ನು ಮೈಸೂರುಪಾಕಿನಂತೆ ಕೊಯ್ದು ಹಂಚಿದವಳಲ್ಲ. ‘ತ್ರೀ ಥಿಂಗ್ಸ್’ ಎಂದು ಬರೆದು ಮೂರನ್ನೂ ಹೇಳಿಬಿಡಬೇಕಿತ್ತು. ಆ ಸಂಪಾದಕರ ಮೇಲೆ ಮೂವತ್ತು ವರ್ಷ ಸಿಟ್ಟಿಟ್ಟುಕೊಂಡಿದ್ದೆ, ಪಾಪ.

ಈಗ ನಿನ್ನ ಆರನೆಯ ಪುಟ. ಕನ್ನಡಿಯ ಮುಂದೆ ಅತ್ತೆ ‘ತ್ರೀ ಗ್ರೇ ಹೇರ್ಸ್’ ಎಣಿಸುತ್ತಾಳೆ. ಕೆಂಪು ಶಾಯಿಯವರು ಅಲ್ಲಿಯೂ ‘ಎಸ್’ ಹೊಡೆದಿದ್ದಾರೆ. ಕೂದಲಿಗೆ ಬಹುವಚನವಿಲ್ಲವೆಂದು ಬಾಯಿಪಾಠ ಮಾಡಿದವರಿರಬೇಕು. ಇಡೀ ಜಡೆಗೆ ಇಲ್ಲ, ಎಳೆ ಎಳೆಯಾಗಿ ಎಣಿಸಿದರೆ ಇದೆ. ಅತ್ತೆ ಎಣಿಸಿದ್ದಾಳೆ, ನೀನು ನೋಡಿದ್ದೀಯೆ. ಆ ‘ಎಸ್’ ಮತ್ತೆ ಬರೆ. ಲಗೇಜನ್ನು ತಿದ್ದು. ಯುಗಾದಿಯೊಳಗೆ ಹಸ್ತಪ್ರತಿ ಕಳುಹಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕನ್ನಡಕ ಹಳೆಯದು.