ರಕ್ಷಣೆಯ ಜಗಳ ಮಾಗಿದೆ, ಪ್ರಸಾದದ ಜಗಳ ಇನ್ನೂ ಹಸಿ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ನೀನು ಮದುವೆಯಾಗಲಿರುವ ಪ್ರೊಟೆಸ್ಟೆಂಟ್ ಹುಡುಗನ ಮನೆಯವರು ಕ್ಯಾಥೊಲಿಕಳಾದ ನಿನ್ನನ್ನು "ನೀನು ರಕ್ಷಣೆ ಹೊಂದಿದ್ದೀಯಾ?", ಅಂದರೆ ಪಾಪದಿಂದ ಬಿಡುಗಡೆಯಾಗಿ ದೇವರಿಗೆ ಸೇರಿದ್ದೀಯಾ, ಎಂದು ಕೇಳಿದಾಗ ಏನು ಹೇಳಬೇಕಿತ್ತು ಅನ್ನುವುದು ಒಂದು. ಅವರ ಆರಾಧನೆಯಲ್ಲಿ ಪ್ರಸಾದದ ರೊಟ್ಟಿ, ದ್ರಾಕ್ಷಾರಸ ನಿನ್ನ ಮುಂದೆ ಬಂದಾಗ ತೆಗೆದುಕೊಳ್ಳಬಹುದಿತ್ತಾ ಅನ್ನುವುದು ಇನ್ನೊಂದು. ಮೊದಲನೆಯದನ್ನು ತಲೆಗೆ ಹಚ್ಚಿಕೊಂಡು ಪುಟಗಟ್ಟಲೆ ಬರೆದಿದ್ದೀಯ. ಎರಡನೆಯದನ್ನು ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀಯ. ನನಗೆ ಕೇಳಿದರೆ ಇದು ಉಲ್ಟಾ ಆಯಿತು. ಮೊದಲನೆಯ ಜಗಳ ಬಹುಪಾಲು ತಣ್ಣಗಾಗಿದೆ. ಮದುವೆಯಾದ ಮೇಲೆ ಭಾನುವಾರ ಭಾನುವಾರ ನಿಮ್ಮನ್ನು ಕಾಡುವುದು ಎರಡನೆಯದು.

ಆದರೂ ಮೊದಲು ರಕ್ಷಣೆಯ ವಿಷಯವನ್ನೇ ಮುಗಿಸೋಣ.

"ನೀವು ಕ್ಯಾಥೊಲಿಕರು ಪುಣ್ಯ ಕೂಡಿಟ್ಟು ಸ್ವರ್ಗ ಸಂಪಾದಿಸಲು ಹೊರಟವರು" ಎಂದು ಹುಡುಗ ಅಂದನಂತೆ. ಅವನ ಮೇಲೆ ಕೋಪ ಮಾಡಿಕೊಳ್ಳಬೇಡ. ಹಾಗೆ ನಂಬಿರುವ ಕ್ಯಾಥೊಲಿಕರು ನಮ್ಮಲ್ಲೇ ಬೇಕಾದಷ್ಟು ಇದ್ದಾರೆ. ಆದರೆ ಕ್ಯಾಥೊಲಿಕ್ ಸಭೆಯ ಬೋಧನೆ ಅದಲ್ಲ. ನಮ್ಮ ಬಿಷಪ್ಪರು ಸೇರಿದ ಟ್ರೆಂಟ್ ಮಹಾಸಭೆ 1547ರಲ್ಲಿ ಈ ವಿಷಯದ ಮೇಲೆ ಹೊರಡಿಸಿದ ಶಾಸನಗಳಲ್ಲಿ ಮೊದಲನೆಯದನ್ನೇ ಅವನಿಗೆ ತೋರಿಸು. ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ, ಬರೀ ತನ್ನ ಕ್ರಿಯೆಗಳಿಂದಲೇ ಮನುಷ್ಯ ದೇವರ ಮುಂದೆ ನೀತಿವಂತನಾಗಬಲ್ಲ ಎಂದು ಹೇಳುವವರನ್ನು ಅದು ಬಹಿಷ್ಕರಿಸುತ್ತದೆ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರನ ವಿರುದ್ಧ ಸೇರಿದ ಮಹಾಸಭೆಯೇ ಇದನ್ನು ಎಲ್ಲಕ್ಕಿಂತ ಮೊದಲು ಬರೆಯಿತು.

ಹಾಗೆಯೇ ನೀನೂ ಒಂದು ಮಾತು ಹಿಂತೆಗೆದುಕೋ. "ನಂಬಿದರೆ ಸಾಕು, ಹೇಗೆ ಬದುಕಿದರೂ ನಡೆಯುತ್ತೆ ಅನ್ನುವುದು ಪ್ರೊಟೆಸ್ಟೆಂಟರ ಬೋಧನೆ" ಎಂದು ಬರೆದಿದ್ದೀಯಲ್ಲ, ಅದು. ಬೈಬಲಿನಲ್ಲಿ ಸಂತ ಪೌಲ ರೋಮನರಿಗೆ ಬರೆದ ಪತ್ರಕ್ಕೆ ಲೂಥರನೇ ಬರೆದ ಮುನ್ನುಡಿಯಲ್ಲಿ ನಂಬಿಕೆಯನ್ನು ಜೀವಂತವಾದದ್ದು, ಸದಾ ಕೆಲಸದಲ್ಲಿ ತೊಡಗಿರುವಂಥದ್ದು ಅನ್ನುತ್ತಾನೆ. ಒಳ್ಳೆಯದನ್ನು ಮಾಡದೆ ಅದಕ್ಕೆ ಇರಲಿಕ್ಕೇ ಆಗದು ಅನ್ನುತ್ತಾನೆ. ಬರೀ ನಂಬಿಕೆ ಸಾಲದು, ಕ್ರಿಯೆಯೂ ಬೇಕು ಅನ್ನುವ ಯಾಕೋಬನ ಪತ್ರದ 2:24 ನೀನು ಎತ್ತುತ್ತೀಯ, ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ನೀತಿವಂತ ಅನ್ನುವ ರೋಮನರಿಗೆ 3:28 ಹುಡುಗ ಎತ್ತುತ್ತಾನೆ. ಹೀಗೆ ವಚನಕ್ಕೆ ವಚನ ಎಸೆದುಕೊಂಡರೆ ಇಬ್ಬರಿಗೂ ಗಾಯವೇ. ಒಂದು ಸಂಜೆ ಕೂತು ಎಫೆಸದವರಿಗೆ ಬರೆದ ಪತ್ರದ 2:8ರಿಂದ 10ರವರೆಗೆ ಒಟ್ಟಿಗೆ ಓದಿ. ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಅನ್ನುವ 9ಕ್ಕೆ ಅವನು ಸಾಮಾನ್ಯವಾಗಿ ನಿಲ್ಲಿಸುತ್ತಾನೆ, ಅಲ್ವಾ? ಒಳ್ಳೆಯ ಕೆಲಸಗಳಿಗಾಗಿಯೇ ದೇವರು ನಮ್ಮನ್ನು ಸೃಷ್ಟಿಸಿದ ಅನ್ನುವ ಹತ್ತರಿಂದ ನಾವು ಶುರು ಮಾಡುತ್ತೇವೆ.

ಹಾಗಾದರೆ ವ್ಯತ್ಯಾಸವೇ ಇಲ್ಲವಾ? ಇದೆ. ದೇವರು ಕ್ರಿಸ್ತನ ನೀತಿಯನ್ನು ನಮ್ಮ ಲೆಕ್ಕಕ್ಕೆ ಹಾಕಿ ನಮ್ಮನ್ನು ಒಪ್ಪಿಕೊಳ್ಳುತ್ತಾನೆ, ಒಪ್ಪಿಕೊಂಡ ಮೇಲೂ ನಾವು ಪಾಪಿಗಳೇ ಅನ್ನುವುದು ಲೂಥರನ ದಾರಿ. ಕೃಪೆ ನಮ್ಮ ಒಳಗೇ ಇಳಿದು ನಮ್ಮನ್ನು ಬದಲಿಸುತ್ತದೆ, ಅದು ಬೆಳೆಯಬಹುದು, ಘೋರ ಪಾಪದಿಂದ ಕಳೆದೂ ಹೋಗಬಹುದು, ಪಾಪನಿವೇದನೆಯಲ್ಲಿ ಮತ್ತೆ ಸಿಗಬಹುದು ಅನ್ನುವುದು ನಮ್ಮದು. ಆದ್ದರಿಂದಲೇ ಅವರು "ರಕ್ಷಣೆ ಹೊಂದಿದ್ದೇನೆ" ಎಂದು ಧೈರ್ಯವಾಗಿ ಹೇಳುತ್ತಾರೆ. ನಮಗೆ ಅದು ಜಂಬದ ಹಾಗೆ ಕೇಳಿಸುತ್ತದೆ. ನಾವು "ದೇವರ ದಯೆಯನ್ನು ನಂಬಿದ್ದೇನೆ" ಅಂದರೆ ಅವರಿಗೆ ಅದು ಅನುಮಾನದ ಹಾಗೆ ಕೇಳಿಸುತ್ತದೆ. ಅವರಲ್ಲೂ ಒಂದೇ ಮಾತಿಲ್ಲ ಅನ್ನುವುದು ಗೊತ್ತಿರಲಿ. ದೇವರು ಆರಿಸಿಕೊಂಡವರು ಕೊನೆಗೂ ಬಿದ್ದುಹೋಗುವುದಿಲ್ಲ ಅಂದವನು ರಿಫಾರ್ಮ್ಡ್ ಸಭೆಗಳ ಪ್ರಮುಖ ಗುರು ಕಾಲ್ವಿನ್. ಬಿದ್ದುಹೋಗಬಹುದು ಅಂದವನು ಮೆಥೊಡಿಸ್ಟರ ಮೂಲಗುರು ವೆಸ್ಲಿ.

ಮುಂದಿನ ಸಲ ಅವರು ಕೇಳಿದಾಗ ಸಂತ ಪೌಲನ ಹಾಗೆ ಉತ್ತರ ಕೊಡು. ರಕ್ಷಣೆ ಹೊಂದಿದ್ದೇವೆ, ಹೊಂದುತ್ತಿದ್ದೇವೆ, ಹೊಂದಲಿದ್ದೇವೆ. ಮೂರನ್ನೂ ಅವನೇ ತನ್ನ ಪತ್ರಗಳಲ್ಲಿ ಬರೆದಿದ್ದಾನೆ.

ಈ ಜಗಳ ತಣ್ಣಗಾಗಿದೆ ಅಂದೆನಲ್ಲ, ಅದು ನನ್ನ ಬಾಯಿಮಾತಲ್ಲ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಕ್ಯಾಥೊಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯೋಗ್ಯತೆಯಿಂದ ಏನೂ ಇಲ್ಲ, ಕೃಪೆಯಿಂದ ಮಾತ್ರವೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಗಳಿಗೆ ಕರೆಯುತ್ತದೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಈ ಘೋಷಣೆಯಲ್ಲಿ ಇರುವಂತೆ ಬೋಧಿಸುವವರಿಗೆ 16ನೇ ಶತಮಾನದ ಬಹಿಷ್ಕಾರಗಳು ತಗುಲುವುದಿಲ್ಲ ಎಂದೂ ಒಪ್ಪಿಕೊಂಡರು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಅದರಲ್ಲಿ ಸೇರಿಕೊಂಡವು. ಒಪ್ಪದ ಪ್ರೊಟೆಸ್ಟೆಂಟರೂ ಇದ್ದಾರೆ. ಆದರೂ ಇಷ್ಟು ದೂರ ಬಂದಿದ್ದೇವೆ.

ನನ್ನನ್ನು ಯಾವಾಗಲೂ ಕಾಡುವ ಕಥೆ ಇದಕ್ಕಿಂತ ಹಳೆಯದು. 1541ರಲ್ಲಿ, ಟ್ರೆಂಟ್ ಶುರುವಾಗುವ ನಾಲ್ಕು ವರ್ಷ ಮೊದಲು, ಚಕ್ರವರ್ತಿ ಐದನೇ ಚಾರ್ಲ್ಸ್ ಎರಡೂ ಕಡೆಯ ವಿದ್ವಾಂಸರನ್ನು ಜರ್ಮನಿಯ ರೆಗೆನ್ಸ್‌ಬರ್ಗಿನಲ್ಲಿ ಕೂರಿಸಿದ. ಆ ಕಡೆ ಪ್ರೊಟೆಸ್ಟೆಂಟರ ಮೆಲಾಂಕ್ಥನ್, ಬುತ್ಸರ್. ಈ ಕಡೆ ನಮ್ಮವರಾದ ಎಕ್, ಅವರ ಬೆನ್ನಿಗೆ ಪೋಪರ ಪ್ರತಿನಿಧಿ ಕಾರ್ಡಿನಲ್ ಕೊಂತಾರಿನಿ. ಮನುಷ್ಯ ನೀತಿವಂತನಾಗುವುದು ಹೇಗೆ ಅನ್ನುವ ವಿಷಯದಲ್ಲಿ ಅವರು ಒಪ್ಪಂದಕ್ಕೇ ಬಂದುಬಿಟ್ಟರು! ಆಮೇಲೆ ಪರಮಪ್ರಸಾದದ, ಅಂದರೆ ಆ ರೊಟ್ಟಿ, ದ್ರಾಕ್ಷಾರಸದ ವಿಷಯ ಬಂತು. ರೊಟ್ಟಿಯ ಒಳಸತ್ವವೇ ಬದಲಾಗಿ ಕ್ರಿಸ್ತನ ದೇಹವಾಗುತ್ತದಾ ಅನ್ನುವ ಪ್ರಶ್ನೆ ಬಂತು. ಸಭೆಯ ಅಧಿಕಾರದ ಪ್ರಶ್ನೆಯೂ ಬಂತು. ಮಾತುಕತೆ ಅಲ್ಲಿಗೆ ಮುರಿದುಬಿತ್ತು. ಮೊದಲಿನ ಒಪ್ಪಂದವೂ ಉಳಿಯಲಿಲ್ಲ, ಅದನ್ನು ಲೂಥರನೂ ನಂಬಲಿಲ್ಲ, ರೋಮೂ ನಂಬಲಿಲ್ಲ. ಆದರೆ ಬಿರುಕು ಎಲ್ಲಿತ್ತು ನೋಡು.

ಈಗ ನಿನ್ನ ಕೊನೆಯ ಸಾಲಿಗೆ ಬರುತ್ತೇನೆ. ನೀನು ರೊಟ್ಟಿ ತೆಗೆದುಕೊಳ್ಳದೆ ಕೈ ಮುಗಿದು ಕೂತದ್ದು ಸರಿ. ನಮ್ಮ ಸಭೆಯ ಕಾನೂನಿನಲ್ಲಿ ಕ್ಯಾಥೊಲಿಕರು ಪ್ರೊಟೆಸ್ಟೆಂಟ್ ಆರಾಧನೆಯಲ್ಲಿ ಅದನ್ನು ತೆಗೆದುಕೊಳ್ಳುವಂತಿಲ್ಲ. ಹುಡುಗ ನಮ್ಮ ಬಲಿಪೂಜೆಗೆ, ಅಂದರೆ ಮಾಸ್‌ಗೆ ಬಂದರೆ, ಸಾಮಾನ್ಯವಾಗಿ ಅವನಿಗೂ ಕೊಡುವಂತಿಲ್ಲ. ಸಾವಿನ ಅಪಾಯವಿದ್ದರೆ, ಅಥವಾ ಬಿಷಪ್ಪರು ಗಂಭೀರ ಅಗತ್ಯ ಎಂದು ತೀರ್ಮಾನಿಸಿದರೆ ಕೊಡಬಹುದು. ಆಗಲೂ ಅವನ ಸಭೆಯ ಪಾಸ್ಟರ್ ಸಿಗದ ಪರಿಸ್ಥಿತಿ ಇರಬೇಕು. ಅವನೇ ಕೇಳಬೇಕು. ಪರಮಪ್ರಸಾದದ ಬಗ್ಗೆ ನಮ್ಮ ವಿಶ್ವಾಸವೇ ಅವನಲ್ಲೂ ಇರಬೇಕು, ಮನಸ್ಸೂ ಸಿದ್ಧವಾಗಿರಬೇಕು. 1983ರ ಕಾನೂನು ಸಂಹಿತೆಯ 844ನೇ ವಿಧಿಯಲ್ಲಿ ಇದೆಲ್ಲ ಇದೆ.

ಯಾಕೆ ಇಷ್ಟು ಬಿಗಿ? ಪ್ರೊಟೆಸ್ಟೆಂಟರೆಲ್ಲ ಅದನ್ನು ಬರೀ ನೆನಪಿನ ಊಟ ಅನ್ನುತ್ತಾರೆ, ಅದಕ್ಕೇ ಎಂದು ನೀನು ಅಂದುಕೊಂಡಿದ್ದೀಯ. ಪೂರ್ತಿ ಸರಿಯಲ್ಲ. 1529ರಲ್ಲಿ ಜರ್ಮನಿಯ ಮಾರ್ಬರ್ಗಿನಲ್ಲಿ ಲೂಥರನೂ, ಅದು ನೆನಪಿನ ಊಟ ಅನ್ನುತ್ತಿದ್ದ ಸ್ವಿಸ್ ಸುಧಾರಕ ಜ್ವಿಂಗ್ಲಿಯೂ ಎದುರುಬದುರು ಕೂತರು. 15 ಅಂಶಗಳಲ್ಲಿ 14ಕ್ಕೆ ಒಪ್ಪಿದರು, ಪ್ರಸಾದದ ಒಂದು ಅಂಶದಲ್ಲಿ ಬೇರೆಯಾದರು. ಲೂಥರ್ "ಇದು ನನ್ನ ದೇಹ" ಅನ್ನುವ ಮಾತನ್ನು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡು ಕೂತಿದ್ದನಂತೆ. ಕ್ರಿಸ್ತನ ದೇಹ ನಿಜವಾಗಿಯೂ ಅಲ್ಲಿದೆ ಅನ್ನುವುದರಲ್ಲಿ ಅವನು ಒಂದು ಅಂಗುಲವೂ ಜರುಗಲಿಲ್ಲ. ರೊಟ್ಟಿಯೂ ರೊಟ್ಟಿಯಾಗೇ ಉಳಿಯುತ್ತದೆ ಅನ್ನುವುದಷ್ಟೇ ಅಲ್ಲಿ ನಮಗೂ ಅವನಿಗೂ ಇದ್ದ ಜಗಳ. ಕಾಲ್ವಿನ್ ಇವರಿಬ್ಬರ ನಡುವೆ ನಿಂತು, ಪವಿತ್ರಾತ್ಮನ ಮೂಲಕ ನಾವು ನಿಜವಾಗಿಯೇ ಕ್ರಿಸ್ತನಲ್ಲಿ ಪಾಲುಗಾರರಾಗುತ್ತೇವೆ ಅಂದ. ಯುರೋಪಿನ ಲೂಥರನ್ನರೂ ರಿಫಾರ್ಮ್ಡ್ ಸಭೆಯವರೂ ಒಟ್ಟಿಗೆ ಕರ್ತನ ಭೋಜನಕ್ಕೆ (ಪ್ರಸಾದಕ್ಕೆ ಅವರು ಹೇಳುವ ಹೆಸರು) ಕೂರಲು ಒಪ್ಪಿದ್ದು 1973ರಲ್ಲಿ. ಮಾರ್ಬರ್ಗಿನಿಂದ 444 ವರ್ಷ! ತಾಳ್ಮೆ ಬೇಕು ಮಗಳೇ.

ಅವರಿಗೆ ನಮ್ಮ ಮೇಲಿರುವ ದೊಡ್ಡ ದೂರು ಬಲಿ ಅನ್ನುವ ಮಾತಿನದು. ಕ್ರಿಸ್ತ ಒಂದೇ ಸಲ ಬಲಿಯಾದ ಮೇಲೆ ಮತ್ತೆ ಮತ್ತೆ ಬಲಿ ಯಾಕೆ ಎಂದು ಕೇಳುತ್ತಾರೆ. ನಾವು ಮತ್ತೆ ಬಲಿ ಕೊಡುವುದಿಲ್ಲ, ಆ ಒಂದೇ ಬಲಿ ಬಲಿಪೀಠದ ಮೇಲೆ ನಮ್ಮ ಮುಂದೆ ಬರುತ್ತದೆ. ಇಷ್ಟು ಹೇಳಿದರೆ ಸಾಕು, ವಾದ ಬೆಳೆಸಬೇಡ.

ಬಾಗಿಲು ಹಾಕಿರುವುದು ಮುಖ್ಯವಾಗಿ ಯಾಜಕತ್ವದ, ಅಂದರೆ ಗುರುಪಟ್ಟದ ಪ್ರಶ್ನೆಯಿಂದ. ಯೇಸುವಿನ ಶಿಷ್ಯರಾದ ಪ್ರೇಷಿತರಿಂದ ಹಿಡಿದು, ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಕೊಡುವ ದೀಕ್ಷೆಯ ಮೂಲಕ ಬಂದ ಯಾಜಕತ್ವ ಇಲ್ಲದ ಕಡೆ ಪರಮಪ್ರಸಾದ ಪೂರ್ಣವಾಗಿ ಉಳಿದಿಲ್ಲ ಎಂದು ರೋಮ್ ನಂಬುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಪ್ರೊಟೆಸ್ಟೆಂಟರನ್ನು ಸೋದರರು ಎಂದು ಕರೆದ ದಾಖಲೆಯಲ್ಲೇ ಇದನ್ನೂ ಹೇಳಿತು. ಹುಡುಗನಿಗೆ ಇದು ನೋಯುವ ಮಾತು. "ನಮ್ಮ ಪಾಸ್ಟರ್ ಪಾಸ್ಟರೇ ಅಲ್ಲವಾ?" ಎಂದು ಅವನು ಕೇಳಿದರೆ ಮಾತು ತೇಲಿಸಬೇಡ. ನಮ್ಮ ಸಭೆಯ ನಿಲುವು ಇದು ಎಂದು ನೇರವಾಗಿ, ಮೆತ್ತಗೆ ಹೇಳು. ಮೇಜು ಕರ್ತನದು, ಸಭೆಯದಲ್ಲ, ಕರೆಯುವವನು ಅವನೇ ಅನ್ನುವುದು ಅವರ ಉತ್ತರ. ಅದರಲ್ಲಿ ತೂಕ ಇಲ್ಲ ಎಂದು ನಾನು ಹೇಳಲಾರೆ. ಆದರೆ ಅವರೆಲ್ಲರ ಮೇಜೂ ತೆರೆದಿಲ್ಲ. ಅಮೆರಿಕದ ಮಿಸೌರಿ ಸಿನೊಡ್ ಎಂಬ ಪಂಗಡದ ಲೂಥರನ್ನರು ಈ ವಿಷಯದಲ್ಲಿ ನಮ್ಮಷ್ಟೇ ಬಿಗಿ.

2015ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಲೂಥರನ್ ಚರ್ಚಿಗೆ ಹೋಗಿದ್ದರು. ಕ್ಯಾಥೊಲಿಕ್ ಗಂಡನಿರುವ ಒಬ್ಬ ಲೂಥರನ್ ಹೆಂಗಸು ನಿನ್ನ ಪ್ರಶ್ನೆಯನ್ನೇ ಕೇಳಿದಳು. ಅವರು ಅನುಮತಿ ಕೊಡಲಿಲ್ಲ, ಬೇಡ ಎಂದೂ ಕಡ್ಡಿ ಮುರಿಯಲಿಲ್ಲ. ದೀಕ್ಷಾಸ್ನಾನ ಒಂದೇ, ಪ್ರಭುವಿನ ಹತ್ತಿರ ಮಾತಾಡಿ ಮುಂದೆ ನಡೆಯಿರಿ, ಇದಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯವಿಲ್ಲ ಅಂದರು. ಕೆಲವರು ಇದನ್ನೇ ಅನುಮತಿ ಎಂದು ಓದಿಕೊಂಡರು. ನಾನು ಹಾಗೆ ಓದುವುದಿಲ್ಲ. ಒಬ್ಬ ಪೋಪ್ ಆ ನೋವನ್ನು ಎಲ್ಲರ ಮುಂದೆ ಒಪ್ಪಿಕೊಂಡರು ಅನ್ನುವುದೇ ನನಗೆ ದೊಡ್ಡದು. ಮುಲಾಜಿಗೆ ಬಿದ್ದು ತೆಗೆದುಕೊಂಡರೆ ಆ ನೋವು ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. "ಎಲ್ಲಾ ಒಂದೇ ಬಿಡು" ಅನ್ನುವವರ ಮಾತು ಕೇಳಬೇಡ. ಅವರಿಗೆ ಎರಡೂ ಮುಖ್ಯವಲ್ಲ.

ಇನ್ನು ಮದುವೆಯ ವಿಷಯ. ಅವನ ದೀಕ್ಷಾಸ್ನಾನ ನೀರಿನಿಂದ, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಆಗಿದ್ದರೆ ನಮ್ಮ ಸಭೆ ಅದನ್ನು ಒಪ್ಪುತ್ತದೆ, ಮತ್ತೆ ಕೊಡುವುದಿಲ್ಲ. ಇದನ್ನು ಅವನ ತಾಯಿಗೆ ಮೊದಲೇ ಹೇಳು, ಅರ್ಧ ಭಯ ಇಳಿಯುತ್ತದೆ. ಬಿಷಪ್ಪರ ಅನುಮತಿ ಬೇಕು. ಮಕ್ಕಳಿಗೆ ಕ್ಯಾಥೊಲಿಕ್ ಸಭೆಯಲ್ಲಿ ದೀಕ್ಷಾಸ್ನಾನ ಕೊಡಿಸಿ ಬೆಳೆಸಲು ನನ್ನ ಕೈಲಾದದ್ದೆಲ್ಲ ಮಾಡುತ್ತೇನೆ ಎಂದು ನೀನು ಮಾತು ಕೊಡಬೇಕು. ಅವನು ಕೊಡಬೇಕಿಲ್ಲ, ಆದರೆ ನೀನು ಕೊಟ್ಟಿದ್ದೀಯ ಅನ್ನುವುದು ಅವನಿಗೆ ಗೊತ್ತಿರಲೇಬೇಕು. ಸಹಿ ಹಾಕುವ ದಿನ ಗೊತ್ತಾಗುವಂತೆ ಮಾಡಬೇಡ, ಈಗಲೇ ಕೂತು ಮಾತಾಡು.

ಮದುವೆಯನ್ನು ಬಲಿಪೂಜೆಯಿಲ್ಲದೆ, ವಾಚನ, ಪ್ರಾರ್ಥನೆ, ವಿವಾಹ ವಿಧಿಯೊಂದಿಗೆ ಮಾಡಿಸಿ ಎಂದು ಫಾದರ್ ಅವರನ್ನು ಕೇಳು. ಇಂಥ ಮದುವೆಗೆ ಸಭೆಯೂ ಸಾಮಾನ್ಯವಾಗಿ ಅದನ್ನೇ ಹೇಳುತ್ತದೆ. ನಿನ್ನ ಅಮ್ಮನಿಗೆ ಬಲಿಪೂಜೆ ಇಲ್ಲದ ಮದುವೆ ಮದುವೆಯೇ ಅಲ್ಲ ಅನ್ನಿಸಬಹುದು. ಆದರೆ ಅರ್ಧ ಚರ್ಚು ಎದ್ದು ಪ್ರಸಾದಕ್ಕೆ ಹೋಗಿ, ಇನ್ನರ್ಧ ಕೂತು ನೋಡುವುದು ಆ ದಿನಕ್ಕೆ ಬೇಡ. ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ. ಫಾದರ್ ಅವರನ್ನು ನೀನು ಹೋಗಿ ನೋಡು, ಹುಡುಗನನ್ನೂ ಕರೆದುಕೊಂಡು ಹೋಗು.

ನಿನ್ನ ದೊಡ್ಡಪ್ಪ