ವಹಿಯಲ್ಲಿ ಆ ಇಪ್ಪತ್ತಾರರ ಲೆಕ್ಕವೂ ಇರಲಿ

ಧಾರವಾಡ

ಚಿ. ಸುಜಾತಾಗೆ ಕಾಕಾನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಶಿರಹಟ್ಟಿ ಕಡೆ ಕುಡಿಯುವವರನ್ನು ಮಾತಾಡಿಸುತ್ತ ಮನೆ ಮನೆ ತಿರುಗಿ ಸಾಕಾಗಿದೆ, ಎಂ.ಎಸ್.ಡಬ್ಲ್ಯೂ.ನಲ್ಲಿ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದ ಸಂಶೋಧನೆ ಇಲ್ಲಿ ಯಾವ ಕೆಲಸಕ್ಕೂ ಬರುತ್ತಿಲ್ಲ ಅಂದಿದ್ದೀಯ. ಅದರ ಕೆಳಗೇ, ಮೂವತ್ತು ಜನರಲ್ಲಿ ಹತ್ತು ಜನ ಸುಧಾರಿಸಿದರು ಅಂತ ಖುಷಿಯಿಂದ ಬರೆದಿದ್ದೀಯ. ನನಗೆ ಈ ಎರಡನೇ ಮಾತಿನ ಬಗ್ಗೆಯೇ ಹೇಳೋದಿದೆ.

ನಮ್ಮ ಗದಗ, ಹಾವೇರಿ ಕಡೆಯವರು ಕೂಲಿಗೆ ಹೋಗುವ ಗೋವಾದಲ್ಲೇ ಒಂದು ಅಧ್ಯಯನ ನಡೆದಿತ್ತು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ, ಕುಡಿತ ಅತಿಯಾಗಿದ್ದ 377 ಗಂಡಸರು. ಅರ್ಧ ಜನಕ್ಕೆ ಡಾಕ್ಟರ ಉಪಚಾರ ಮಾತ್ರ. ಉಳಿದವರಿಗೆ ಅದರ ಜೊತೆ ಆಪ್ತ ಮಾತುಕತೆ, ಹೆಚ್ಚೆಂದರೆ ನಾಲ್ಕು ಸಲ. ಮಾತಾಡಿಸಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳ ನಂತರ ನೋಡಿದರೆ, ಮಾತುಕತೆ ಸಿಕ್ಕವರಲ್ಲಿ ಶೇ. 36 ಮಂದಿ ಸುಧಾರಿಸಿದ್ದರು. ಸಿಗದವರಲ್ಲಿ? ಶೇ. 26.

ಈ 26 ನೆನಪಿಡು. ನಿನ್ನ ಹತ್ತು ಜನರಲ್ಲಿ ಏಳೆಂಟು ಮಂದಿ ನೀನು ಹೋಗದಿದ್ದರೂ ಕಡಿಮೆ ಮಾಡುತ್ತಿದ್ದರೇನೋ. ಬೇಜಾರಾಗಬೇಡ. ಉಳಿದ ಎರಡು ಮೂರು ಮನೆ ಅಂದರೆ ಸಣ್ಣ ಮಾತಲ್ಲ. ಆದರೆ ಸಂಸ್ಥೆಯ ವರದಿಯಲ್ಲಿ ಹತ್ತನ್ನೂ ನಿಮ್ಮ ಖಾತೆಗೆ ಜಮಾ ಮಾಡಿಕೊಳ್ಳಬೇಡಿ. ಇನ್ನೊಂದು. ಹೋಳಿ ಹುಣ್ಣಿಮೆಯ ವಾರ ಕೇಳಿ, ಯುಗಾದಿ ಆದಮೇಲೆ ಮತ್ತೆ ಕೇಳಿದರೆ ಯಾರ ಕುಡಿತವೂ ಇಳಿದ ಹಾಗೇ ಕಾಣುತ್ತದೆ, ಅಲ್ವಾ?

'ಸುಧಾರಿಸಿದ' ಅಂತ ಸುಮ್ನೆ ಬರೆಯುವ ಬದಲು ಅಳೆದು ಬರೆ. ಕುಡಿತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಪ್ರಶ್ನೆಪಟ್ಟಿ ಓದಿದ್ದೀಯಲ್ಲ (ಪಂಚಾಯ್ತಿ ಆಡಿಟ್ ಅಲ್ಲ ಮತ್ತೆ!). ಹತ್ತೇ ಪ್ರಶ್ನೆ, 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರ. ಅದರಲ್ಲಿ 'ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಸಲ ಕುಡಿಯುತ್ತೀರಿ' ಅಂತ ಒಂದು ಪ್ರಶ್ನೆ ಇದೆ. ಹಾಗೇ ಕೇಳಿದರೆ ನಿನ್ನ ಹಳ್ಳಿಯವರು ಮುಖ ಮುಖ ನೋಡುತ್ತಾರೆ. ವಿಸ್ಕಿಯಲ್ಲಿ 30 ಎಂ.ಎಲ್.ಗೆ ಒಂದು ಡ್ರಿಂಕ್. ಅಂದರೆ ತೊಂಬತ್ತರ ಪ್ಯಾಕೆಟ್‌ಗೆ ಮೂರು, ಒಂದು ಕ್ವಾರ್ಟರ್‌ಗೆ (180 ಎಂ.ಎಲ್.) ಆರು. 'ಒಂದೇ ಸಲ ಕೂತು ಕ್ವಾರ್ಟರ್ ಅಥವಾ ಅದಕ್ಕಿಂತ ಜಾಸ್ತಿ ಖಾಲಿ ಮಾಡೋದು ವಾರಕ್ಕೆಷ್ಟು ಸಲ, ತಿಂಗಳಿಗೆಷ್ಟು ಸಲ?' ಅಂತ ಕೇಳು, ಉತ್ತರ ಬರುತ್ತದೆ. ಆದರೆ ಎಲ್ಲ ಮನೆಯಲ್ಲೂ ಹೀಗೇ ಕೇಳಬೇಕು. ಒಬ್ಬೊಬ್ಬರಿಗೆ ಒಂದೊಂದು ಥರ ಕೇಳಿದರೆ ಹೋಲಿಸಲು ಏನೂ ಉಳಿಯುವುದಿಲ್ಲ.

20 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರಿಗೆ ಬರೀ ಮಾತು ಸಾಲದು. ಗೋವಾದಲ್ಲಿ ತೆಗೆದುಕೊಂಡದ್ದು 12ರಿಂದ 19ರೊಳಗೆ ಅಂಕ ಬಂದವರನ್ನು. ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ಬಿಟ್ಟರೆ ಕೈ ನಡುಗಿ ಫಿಟ್ಸ್ ಕೂಡ ಬರಬಹುದು. 'ಇವತ್ತೇ ಬಿಡು' ಅಂತ ಆಣೆ ಹಾಕಿಸಬೇಡ. ಇಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸು.

ಇನ್ನು ಆ ಅಧ್ಯಯನದಲ್ಲಿ ಯಾರೂ ಜಾಸ್ತಿ ಓದದ ಸಾಲು. ಹೆಂಡತಿಗೆ ಹೊಡೆಯುವುದರಲ್ಲಿ ಎರಡೂ ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಕುಡಿತ ಬಿಟ್ಟರೆ ಹೊಡೆತ ತಾನಾಗೇ ನಿಲ್ಲುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಿನ್ನ ವಹಿಯಲ್ಲಿ ಗಂಡನ ಅಂಕ ಇದೆ, ಅವಳ ಬಗ್ಗೆ ಒಂದು ಸಾಲೂ ಇಲ್ಲ ಅಂತ ನನ್ನ ಅಂದಾಜು. ಅವಳನ್ನು ಬೇರೆಯಾಗಿ ಕೇಳು. ಗಂಡ, ಅತ್ತೆ ಎದುರಿಗೆ ಬೇಡ. ನೀರು ತರಲು ಹೋದಾಗಲೋ ಅಂಗನವಾಡಿಯಲ್ಲೋ ಕೇಳು. ಅವಳ ಉತ್ತರ ಗಂಡ ನೋಡುವ ಹಾಳೆಯಲ್ಲಿ ಇರಬಾರದು. 181 ಮಹಿಳಾ ಸಹಾಯವಾಣಿ ನಂಬರನ್ನು ಚೀಟಿಯಲ್ಲಿ ಬರೆದು ಕೊಡಬೇಡ, ಬಾಯಿಪಾಠ ಮಾಡಿಸು.

ಕುಡಿತ ಇಳಿದ ಮನೆಗಳಲ್ಲಿ ಹೊಡೆತ ಎಲ್ಲಿ ನಿಂತಿತು, ಎಲ್ಲಿ ನಿಲ್ಲಲಿಲ್ಲ? ಆ ಎರಡು ಮನೆಗಳ ನಡುವೆ ಏನು ಬೇರೆ? ದೊಡ್ಡ ದೊಡ್ಡ ಸಂಶೋಧಕರಿಗಿಂತ ದಿನಾ ಆ ಓಣಿಯಲ್ಲಿ ಓಡಾಡುವ ನೀನೇ ಇದನ್ನು ಮೊದಲು ಕಾಣಬಹುದು.

ಮುಂದಿನ ತಿಂಗಳು ಬರುವಾಗ ವಹಿ ತಾ, ಕೂತು ನೋಡೋಣ. ಹೆಸರಿನ ಬದಲು ನಂಬರ್ ಹಾಕಿದ ಹಾಳೆ ಮಾತ್ರ. ಹೆಸರಿನ ಪಟ್ಟಿ ಅಲ್ಲೇ ಕಪಾಟಿನಲ್ಲಿ ಬೀಗದೊಳಗೆ ಇರಲಿ.

ನಿನ್ನ
ಕಾಕಾ